ಛಜ್ಜಾ ಕಡಿಯುವ ಮುನ್ನ

ಮಾನ್ಯ ಸಂಪಾದಕರೆ,

ಹುಬ್ಬಳ್ಳಿಯ ಕೇಶ್ವಾಪುರ, ವಿದ್ಯಾನಗರ, ಧಾರವಾಡದ ಸಪ್ತಾಪುರ, ಮಾಳಮಡ್ಡಿ, ಗದಗ-ಬೆಟಗೇರಿಯ ಹಳೇ ಬಡಾವಣೆಗಳಲ್ಲಿ 1950ರಿಂದ 70ರ ದಶಕದವರೆಗೆ ಎದ್ದ ಮನೆ, ಶಾಲೆ, ಕಚೇರಿಗಳಿಗೆ ಈಗ ‘ಎಲಿವೇಶನ್’ (ಮುಂಭಾಗದ ಮುಖ) ಬದಲಿಸುವ ಕಾಲ ಬಂದಿದೆ. ಕೆಲಸ ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ. ಛಜ್ಜಾ (ಕಿಟಕಿಯ ಮೇಲೆ ಹೊರಚಾಚಿದ ಕಾಂಕ್ರೀಟ್ ಮರೆ) ಕಡಿಯುವುದು, ಜಾಳಿ (ಗಾಳಿಗೆಂದು ತೂತು ಬಿಟ್ಟ ಗೋಡೆ) ಒಡೆಯುವುದು, ಮುಂದೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ ಗಾಜು, ಎಸಿಪಿ (ಅಲ್ಯೂಮಿನಿಯಂ-ಪ್ಲಾಸ್ಟಿಕ್) ಶೀಟು ಹೊದಿಸುವುದು, ಒಳಗಿನ ಬೆತ್ತದ ಕುರ್ಚಿಗಳನ್ನು ಗುಜರಿಗೆ ಹಾಕುವುದು. ಕೇಳಿದರೆ ಕಟ್ಟಡ ಮಾಡರ್ನ್ ಆಗಬೇಕು ಎಂಬ ಉತ್ತರ. ಆ ಕಟ್ಟಡಗಳು ಕಟ್ಟಿದಾಗಲೇ ಮಾಡರ್ನ್ ಆಗಿದ್ದವು, ಈಗ ಒಡೆದು ತಿಪ್ಪೆಗೆ ಹಾಕುತ್ತಿರುವ ಭಾಗಗಳೇ ಅವುಗಳ ಆಧುನಿಕತೆ. ಇದನ್ನು ಲೆಕ್ಕ ಸಮೇತ ಹೇಳಬೇಕಾಗಿರುವುದರಿಂದ ಪತ್ರ ಸ್ವಲ್ಪ ಉದ್ದವಾಗಿದೆ, ಮನ್ನಿಸಿ ಪ್ರಕಟಿಸಬೇಕಾಗಿ ವಿನಂತಿ.

ಗಾಜಿನ ಗೋಡೆಯಿಂದಲೇ ಶುರು ಮಾಡೋಣ. ಜರ್ಮನಿಯ ವೈಮಾರ್‌ನಲ್ಲಿ 1919ರಲ್ಲಿ ವಾಸ್ತುಶಿಲ್ಪಿ ವಾಲ್ಟರ್ ಗ್ರೋಪಿಯಸ್ ಆರಂಭಿಸಿದ ಬೌಹೌಸ್ ಎಂಬ ಕಲೆ-ವಿನ್ಯಾಸದ ಶಾಲೆ 1926ರಲ್ಲಿ ಡೆಸ್ಸೌ ಊರಿನಲ್ಲಿ ಹೊಸ ಕಟ್ಟಡ ಕಟ್ಟಿಕೊಂಡಿತು. ಅದರ ಕಾರ್ಯಾಗಾರದ ಭಾಗಕ್ಕೆ ಮೇಲಿಂದ ಕೆಳಗಿನವರೆಗೆ ಗಾಜು. ಫೋಟೊದಲ್ಲಿ ನೋಡಿದವರು ಬೆರಗಾದರು, ಒಳಗೆ ಕೂತು ಕೆಲಸ ಮಾಡಿದವರು ಬೇಸಿಗೆಯಲ್ಲಿ ಬೆಂದು ಚಳಿಗಾಲದಲ್ಲಿ ನಡುಗಿದರು. ಪ್ಯಾರಿಸ್‌ನಲ್ಲಿ ವಾಸ್ತುಶಿಲ್ಪಿ ಲೆ ಕಾರ್ಬುಸಿಯರ್ ಸಾಲ್ವೇಶನ್ ಆರ್ಮಿ ಎಂಬ ಸೇವಾಸಂಸ್ಥೆಯ ನಿರ್ಗತಿಕರ ವಸತಿಗೃಹಕ್ಕೆ ದಕ್ಷಿಣ ದಿಕ್ಕಿಗೆ ತೆರೆಯಲು ಬಾರದ ಅಖಂಡ ಗಾಜು ಹಾಕಿದರು. ಕಟ್ಟಡ ಉದ್ಘಾಟನೆಯಾದದ್ದು 1933ರಲ್ಲಿ. ಎರಡನೇ ಪದರದ ಗಾಜು, ಗಾಳಿ ತಂಪು ಮಾಡುವ ಯಂತ್ರ ಎರಡೂ ಅವರ ಯೋಜನೆಯಲ್ಲಿದ್ದವು, ದುಡ್ಡು ಸಾಲದೆ ಕೈಬಿಟ್ಟರು. ಮೊದಲ ಬೇಸಿಗೆಯಲ್ಲೇ ಒಳಗೆ ಇರಲಾಗಲಿಲ್ಲ. ಮುಂದೆ ತೆರೆಯುವ ಕಿಟಕಿಗಳನ್ನು ಕೂಡಿಸಬೇಕಾಯಿತು. ಎರಡನೇ ಮಹಾಯುದ್ಧದ ನಂತರದ ದುರಸ್ತಿಯಲ್ಲಿ ಆ ಗಾಜಿನ ಮುಂದೆ ಕಾಂಕ್ರೀಟಿನ ಬಿಸಿಲುತಡೆ ಬಂತು. ಮುಂದೆ ಅವರೇ ರೂಪಿಸಿದ ಚಂಡೀಗಢದ ಸಚಿವಾಲಯ ಮತ್ತು ಹೈಕೋರ್ಟಿನ ಮುಖದಲ್ಲಿ ಕಾಣುವ ಆಳವಾದ ಕಾಂಕ್ರೀಟ್ ಗೂಡುಗಳು ಅದೇ ಬಿಸಿಲುತಡೆ. ನಮ್ಮ ಛಜ್ಜಾ, ಜಾಳಿ ಅದರ ತಮ್ಮಂದಿರು. 49 ಡಿಗ್ರಿ ಅಕ್ಷಾಂಶದ ಪ್ಯಾರಿಸ್‌ನಲ್ಲಿ ಸೋತು ಬಿಟ್ಟ ಗೋಡೆಯನ್ನು 15 ಡಿಗ್ರಿಯ ಹುಬ್ಬಳ್ಳಿಗೆ, ಅದೂ ತೊಂಬತ್ತು ವರ್ಷ ತಡವಾಗಿ, ಹೊಸದೆಂದು ತರುತ್ತಿದ್ದೇವೆ.

ಛಜ್ಜಾ ಅಲಂಕಾರವಲ್ಲ. ಹುಬ್ಬಳ್ಳಿಯಲ್ಲಿ ಡಿಸೆಂಬರ್ ಕೊನೆಯ ನಡುಹಗಲಿಗೆ ಸೂರ್ಯ ದಕ್ಷಿಣದಲ್ಲಿ ಸುಮಾರು 51 ಡಿಗ್ರಿ ಎತ್ತರದಲ್ಲಿರುತ್ತಾನೆ, ಮಾರ್ಚ್ 21ರ ಸುಮಾರಿಗೆ 75 ಡಿಗ್ರಿಗೆ ಏರುತ್ತಾನೆ. ದಕ್ಷಿಣದ ಗೋಡೆಯಲ್ಲಿ 4 ಅಡಿ ಎತ್ತರದ ಕಿಟಕಿ, ಅದರ ನೆತ್ತಿಗೆ 2 ಅಡಿ ಛಜ್ಜಾ ಇದೆ ಎನ್ನಿ. ಮಾರ್ಚಿನಲ್ಲಿ ಅದರ ನೆರಳು 7 ಅಡಿಯವರೆಗೆ ಇಳಿದು ಕಿಟಕಿಯನ್ನು ಪೂರ್ತಿ ಮುಚ್ಚುತ್ತದೆ. ಡಿಸೆಂಬರಿನಲ್ಲಿ ಎರಡೂವರೆ ಅಡಿ ಮಾತ್ರ ಇಳಿಯುವುದರಿಂದ ಕೆಳಗಿನ ಒಂದೂವರೆ ಅಡಿಯಲ್ಲಿ ಹಿತವಾದ ಬಿಸಿಲು ಒಳಗೆ ಬರುತ್ತದೆ. ಮೇ ಮೊದಲ ವಾರದಿಂದ ಆಗಸ್ಟ್ ಎರಡನೇ ವಾರದವರೆಗೆ ನಡುಹಗಲ ಸೂರ್ಯ ನಮ್ಮ ನೆತ್ತಿ ದಾಟಿ ಉತ್ತರಕ್ಕಿರುತ್ತಾನೆ. ಉತ್ತರದ ಕಿಟಕಿಗೂ ಆ ಕಾಲದ ಎಂಜಿನಿಯರುಗಳು ಒಂದು, ಒಂದೂಕಾಲು ಅಡಿ ಛಜ್ಜಾ ಬಿಟ್ಟದ್ದು ಇದಕ್ಕೇ. ಪಶ್ಚಿಮದ ಮಾತು ಬೇರೆ. ಏಪ್ರಿಲ್ ಸಂಜೆ 5 ಗಂಟೆಗೆ ಸೂರ್ಯ 25 ಡಿಗ್ರಿಗೆ ಇಳಿದಿರುವಾಗ 2 ಅಡಿ ಛಜ್ಜಾ ಕೊಡುವ ನೆರಳು ಒಂದಡಿಯೂ ಇಲ್ಲ. ಹಾಗಾಗಿ ಪಶ್ಚಿಮಕ್ಕೆ ಜಾಳಿ ಅಥವಾ ನಿಂತ ಕಾಂಕ್ರೀಟ್ ಪಟ್ಟಿಗಳು. ಜಾಳಿಯ ತೂತು 3 ಇಂಚು ಎತ್ತರ, ದಪ್ಪವೂ 3 ಇಂಚು ಇದ್ದರೆ 45 ಡಿಗ್ರಿಗಿಂತ ಮೇಲಿರುವ ಸೂರ್ಯನ ನೇರ ಬಿಸಿಲು ಒಳಗೆ ಬರಲಾರದು, ಗಾಳಿ ಮಾತ್ರ ಬರುತ್ತದೆ; 25 ಡಿಗ್ರಿಯ ಬಿಸಿಲಿನಲ್ಲೂ ಹೆಚ್ಚುಕಡಿಮೆ ಅರ್ಧ ತಡೆಯುತ್ತದೆ. ಈಗ ‘ಡಿಸೈನ್’ ಎಂದು ಹಾಕುವ ಮುಕ್ಕಾಲು ಇಂಚು ದಪ್ಪದ, ಆರು ಇಂಚು ತೂತಿನ ಜಾಳಿಗಳಿಂದ ಈ ಕೆಲಸ ಆಗುವುದಿಲ್ಲ. ನೆರಳಿಲ್ಲದ ಬರೀ ಬಿಳಿ ಗಾಜು ತನ್ನ ಮೇಲೆ ಬಿದ್ದ ಬಿಸಿಲಿನ ಕಾವಿನಲ್ಲಿ ಶೇ 80ರಷ್ಟನ್ನು ಒಳಗೆ ಬಿಡುತ್ತದೆ. ಆಮೇಲೆ ಪರದೆ, ಪರದೆಯ ಹಿಂದೆ ಹಗಲಲ್ಲೇ ಟ್ಯೂಬ್‌ಲೈಟು, ಅದರ ಮೇಲೆ ಎ.ಸಿ.

ಇನ್ನು ಕಡಿಯುವ ವಿಷಯ. ಛಜ್ಜಾ ಗೋಡೆಯಿಂದ ಹೊರಗೆ ಚಾಚಿ ನಿಂತದ್ದು, ಅದರ ಮುಖ್ಯ ಸರಳುಗಳು ಮೇಲ್ಪದರದಲ್ಲಿದ್ದು ಒಳಗೆ ಲಿಂಟಲ್ಲಿಗೆ (ಕಿಟಕಿಯ ನೆತ್ತಿಯ ಕಾಂಕ್ರೀಟ್ ತೊಲೆಗೆ) ಹೊಕ್ಕಿರುತ್ತವೆ. ಬ್ರೇಕರ್ ಯಂತ್ರ ಹಚ್ಚಿ ಗೋಡೆಯ ಅಂಚಿಗೆ ಕತ್ತರಿಸಿದರೆ ಆ ಸರಳುಗಳ ತುದಿಗಳೆಲ್ಲ ಹೊರಗೆ ಬಿದ್ದು, ಮಳೆನೀರು ಅವುಗಳ ಗುಂಟ ಒಳಗಿಳಿದು ಲಿಂಟಲ್ಲಿಗೇ ತುಕ್ಕು ಹಿಡಿಯುತ್ತದೆ. ಬ್ರೇಕರಿನ ಹೊಡೆತಕ್ಕೆ ಕಿಟಕಿಯ ಮೇಲಿನ ಗೋಡೆ ಬಿರುಕು ಬಿಡುವುದು ಬೇರೆ. ‘ಛಜ್ಜಾ ಹೆಂಗೂ ಬಿರುಕು ಬಿಟ್ಟೈತಿ, ತೆಗದಬಿಡೂಣು’ ಎನ್ನುವ ಗೌಂಡಿಗಳು ಬಿರುಕು ಎಲ್ಲಿದೆ ಎಂದು ಮೊದಲು ನೋಡಬೇಕು. ಗೋಡೆಗೆ ತಾಗಿ ಮೇಲ್ಮೈಯಲ್ಲಿ ಉದ್ದಕ್ಕೂ ಬಿರುಕಿದ್ದರೆ ಕಾಂಕ್ರೀಟ್ ಹಾಕುವಾಗ ಯಾರೋ ಸರಳಿನ ಮೇಲೆ ನಡೆದು ಅವನ್ನು ಕೆಳಗೆ ತುಳಿದಿದ್ದಾರೆ ಎಂದರ್ಥ. 4 ಇಂಚು ದಪ್ಪದಲ್ಲಿ ಸರಳು ನಡುಮಧ್ಯಕ್ಕೆ ಕುಸಿದರೆ ಬಲ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಹೋಯಿತು. ಅಂಥದ್ದನ್ನು ತೆಗೆಯಲೇಬೇಕು, ತೆಗೆದು ಮತ್ತೆ ಕಟ್ಟಬೇಕು. ಬಿರುಕು ಅಂಚಿನಲ್ಲಿ, ಕೆಳಮೈಯಲ್ಲಿ ಮಾತ್ರ ಇದ್ದರೆ ಕಾರಣ ನೀರು. ಛಜ್ಜಾದ ಕೆಳಗೆ ಅಂಚಿಗೆ ಸಮೀಪ ಅರ್ಧ ಇಂಚಿನ ಗೆರೆ ಕೊರೆದಿರುತ್ತಿದ್ದರು, ನೀರು ಅಲ್ಲೇ ತೊಟ್ಟಿಕ್ಕಿ ಗೋಡೆಯ ಕಡೆ ಹರಿಯದಿರಲಿ ಎಂದು. ಪ್ರತಿ ಸಲ ಬಣ್ಣ, ಪುಟ್ಟಿ ಬಳಿದಾಗ ಆ ಗೆರೆ ತುಂಬಿಹೋಗಿದೆ. ಅದನ್ನು ಮತ್ತೆ ಕೊರೆಸಲು ಒಂದು ಕಿಟಕಿಗೆ ಅರ್ಧ ತಾಸು ಸಾಕು.

ಎಸಿಪಿ ಶೀಟಿನ ಬಗ್ಗೆ ಎರಡೇ ಮಾತು. ಎರಡು ತೆಳು ಅಲ್ಯೂಮಿನಿಯಂ ಹಾಳೆಗಳ ನಡುವೆ ಪ್ಲಾಸ್ಟಿಕ್ಕು, ಒಟ್ಟು 3-4 ಮಿಲಿಮೀಟರು. ಸಂದಿಗೆ ತುಂಬಿದ ಸಿಲಿಕಾನ್ ಬಿಸಿಲಿಗೆ ಬಿಟ್ಟುಕೊಂಡ ಮೇಲೆ ಧಾರವಾಡದ ಪಡುವಣ ಮಳೆ ಒಳಗೆ ಹೊಕ್ಕು ಹಳೇ ಗೋಡೆಯನ್ನು ನೆನೆಸುತ್ತದೆ. ಗೋಡೆಗೆ ಗಾಳಿಯಿಲ್ಲ, ಕಣ್ಣಿಗೂ ಕಾಣದು. ಬೆಂಕಿಯ ವಿಷಯದಲ್ಲಿ ಲಂಡನ್ನಿನ ಗ್ರೆನ್‌ಫೆಲ್ ಟವರ್ ನೆನಪಿರಲಿ. ಪ್ಲಾಸ್ಟಿಕ್ ತಿರುಳಿನ ಇಂಥ ಹೊದಿಕೆಯ ಮೇಲೆ ಬೆಂಕಿ ಹತ್ತಿ 2017ರ ಜೂನ್‌ನಲ್ಲಿ ಅಲ್ಲಿ 72 ಜನ ಸತ್ತರು.

ಸಪಾಟು ಮಾಳಿಗೆ ಪರದೇಶದ್ದು, ಸೋರುವುದು ಅದರ ಹುಟ್ಟುಗುಣ ಎಂಬ ಮಾತೂ ಕೇಳಿಬರುತ್ತದೆ. ನರಗುಂದ, ರೋಣ, ನವಲಗುಂದದ ಎರೆಸೀಮೆಗೆ ಸಪಾಟು ಮಾಳಿಗೆ ಹೊಸದೇನಲ್ಲ. ಹೆಂಚಿನ ಸೀಮೆ ಧಾರವಾಡದ ಪಶ್ಚಿಮಕ್ಕೆ. ಎರೆಸೀಮೆಯ ಮಾಳಿಗೆ ಎಂದರೆ ತೊಲೆ, ಜಂತಿ, ಅದರ ಮೇಲೆ ಒಂದಡಿಯಷ್ಟು ಮಣ್ಣು, ನೆತ್ತಿಗೆ ಸವಳು ಮಣ್ಣು. ಸವಳಿನ ಉಪ್ಪಿನಿಂದಾಗಿ ಆ ಮಣ್ಣು ನೀರು ಬಿದ್ದೊಡನೆ ಉಬ್ಬಿ ತನ್ನ ಸಂದುಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ಆದರೆ ಒಂದಡಿ ಮಣ್ಣು ಎಂದರೆ ಚದರ ಮೀಟರಿಗೆ 450-500 ಕೆ.ಜಿ. ಭಾರ, ಅದನ್ನು ಹೊರಲು ಎರಡಡಿ ದಪ್ಪದ ಗೋಡೆ. 4 ಇಂಚಿನ ಆರ್‌ಸಿಸಿ ಸ್ಲ್ಯಾಬು 250 ಕೆ.ಜಿ. ಮಾತ್ರ. ಕಾಂಕ್ರೀಟು ಇಲ್ಲಿ ಅಷ್ಟು ಬೇಗ ಬೇರೂರಿದ್ದಕ್ಕೆ ಫ್ಯಾಶನ್ನಿಗಿಂತ ಈ ತೂಕದ ಲೆಕ್ಕ ದೊಡ್ಡ ಕಾರಣ. ಕಳೆದುಕೊಂಡದ್ದೂ ಇದೆ. ಮಣ್ಣಿನ ಮಾಳಿಗೆ ಹಗಲಿನ ಕಾವನ್ನು ಎಂಟು-ಹತ್ತು ತಾಸು ತಡೆದು ಹಿಡಿಯುತ್ತಿತ್ತು, ಬರಿ ಸ್ಲ್ಯಾಬು ಮೂರೇ ತಾಸಿಗೆ ಕೆಳಗೆ ಇಳಿಸುತ್ತದೆ. ಊಟಕ್ಕೆ ಕೂತಾಗ ನೆತ್ತಿ ಸುಡುವುದು ಅದಕ್ಕೇ. ಸ್ಲ್ಯಾಬಿನ ಮೇಲೆ ಇಟ್ಟಿಗೆ ಚೂರಿನ ಕೋಬಾ (ಗಾರೆಯ ಇಳಿಜಾರು ಪದರ) ಹಾಕಿ ಬಿಳಿ ಟೈಲ್ ಚೂರು ಕೂಡಿಸುತ್ತಿದ್ದರಲ್ಲ, ಅದು ಇಳಿಜಾರನ್ನೂ ಕೊಟ್ಟಿತು, ಬಿಸಿಲನ್ನೂ ತಿರುಗಿಸಿ ಕಳಿಸಿತು.

ಸೋರುವುದಂತೂ ನಿಜ, ದೊಡ್ಡವರನ್ನೂ ಬಿಟ್ಟಿಲ್ಲ. ಪ್ಯಾರಿಸ್ ಬಳಿಯ ಪ್ವಾಸಿಯಲ್ಲಿ 1928ರಿಂದ 31ರವರೆಗೆ ಕಟ್ಟಿದ ವಿಲ್ಲಾ ಸವೊಯ್ ಆಧುನಿಕ ವಾಸ್ತುಶಿಲ್ಪದ ಹೆಸರಾಂತ ಮನೆ. ಅದರ ಒಡತಿ ಮಾಳಿಗೆ ಸೋರುತ್ತದೆ ಎಂದು ಲೆ ಕಾರ್ಬುಸಿಯರ್‌ಗೆ ಪತ್ರದ ಮೇಲೆ ಪತ್ರ ಬರೆಯಬೇಕಾಯಿತು. ನಮ್ಮಲ್ಲಿ ಸೋರಲು ಕಾರಣಗಳು ನಾಲ್ಕೈದೇ. ಇಳಿಜಾರು 100ಕ್ಕೆ 1, ಅಂದರೆ 20 ಅಡಿಗೆ ಕನಿಷ್ಠ ಎರಡೂವರೆ ಇಂಚು ಇರಬೇಕು, ಇರುವುದಿಲ್ಲ. ಮಾಳಿಗೆಯೂ ಪ್ಯಾರಾಪೆಟ್ಟೂ (ಅಂಚಿನ ಗಿಡ್ಡ ಗೋಡೆ) ಕೂಡುವ ಮೂಲೆಯನ್ನು ದುಂಡಗೆ ಮಾಡಿರುವುದಿಲ್ಲ, ಚೌಕ ಮೂಲೆಯಲ್ಲಿ ಮೊದಲ ಬೇಸಿಗೆಗೇ ಕೂದಲೆಳೆ ಬಿರುಕು. 400-500 ಚದರ ಅಡಿಗೆ 4 ಇಂಚಿನ ಒಂದು ಪೈಪು ಬೇಕು. ಮಾಳಿಗೆ ಎಷ್ಟು ಸಣ್ಣದಿದ್ದರೂ ಪೈಪು ಎರಡಿರಲಿ, ಒಂದು ಕಟ್ಟಿಕೊಂಡರೆ ಮಾಳಿಗೆ ಕೆರೆಯಾಗಬಾರದು. ಇನ್ನೊಂದು ಕೆಟ್ಟ ಚಾಳಿ ಎಂದರೆ ಸೋರಿದಾಗೆಲ್ಲ ಹಳೆಯದರ ಮೇಲೆ ಹೊಸ ಪದರ ಎಳೆಯುವುದು. ಪ್ರತಿ 2 ಇಂಚಿಗೆ ಚದರ ಮೀಟರಿಗೆ 110 ಕೆ.ಜಿ. ಏರುತ್ತದೆ. ಮೂರು ಸಲ ಹೀಗೆ ಮಾಡಿದರೆ ಸ್ಲ್ಯಾಬು ತನ್ನ ತೂಕಕ್ಕಿಂತ ಹೆಚ್ಚಿನದನ್ನು ಬೆನ್ನ ಮೇಲೆ ಹೊತ್ತಂತೆ. ಹಳೇ ಕೋಬಾ ತೆಗೆಸಿ, ಸ್ಲ್ಯಾಬಿನ ಬಿರುಕು ಮುಚ್ಚಿಸಿ, 2 ಇಂಚು ನೀರು ನಿಲ್ಲಿಸಿ 48 ತಾಸು ಕೆಳಗೆ ಕಾದು ನೋಡಿ, ಆಮೇಲೆ ಹೊಸ ಕೋಬಾ ಹಾಕಿಸಬೇಕು. ಮುಗಿದ ಮೇಲೆ ಮತ್ತೊಮ್ಮೆ ನೀರು ನಿಲ್ಲಿಸಬೇಕು. ಈ ಎರಡನೇ ಪರೀಕ್ಷೆ ಮುಗಿಯುವವರೆಗೆ ಗುತ್ತಿಗೆದಾರರ ಬಿಲ್ ಪೂರ್ತಿ ಮಾಡಬೇಡಿ.

ಒಳಗಿನಿಂದ ಸ್ಲ್ಯಾಬಿನ ಗಿಲಾವು ಉದುರಿ ಸರಳು ಕಂಡೊಡನೆ ‘ಕಟ್ಟಡದ ಆಯುಷ್ಯ ಮುಗೀತು’ ಎಂದು ತೀರ್ಪು ಕೊಡುವವರಿದ್ದಾರೆ. ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಇಡೀ ಸ್ಲ್ಯಾಬು ನೋಡಿ, ಟೊಳ್ಳು ಸದ್ದು ಬಂದಲ್ಲೆಲ್ಲ ಸೀಮೆಸುಣ್ಣದಿಂದ ಗೆರೆ ಹಾಕಿ. ಗೆರೆಯ ಜಾಗ ಪಾಯಖಾನೆ, ಬಚ್ಚಲು, ಮಳೆ ಪೈಪಿನ ಸುತ್ತ ಮಾತ್ರ ಇದ್ದರೆ ಅದು ನೀರಿನ ಕಾಯಿಲೆ, ದುರಸ್ತಿಯಾಗುತ್ತದೆ. ಹೊಸದಾಗಿ ಒಡೆದ ಕಾಂಕ್ರೀಟಿನ ಮೇಲೆ ಸ್ಪಿರಿಟ್ಟಿನಲ್ಲಿ ಕರಗಿಸಿದ ಶೇ 1ರ ಫಿನಾಲ್ಫ್ತಲೀನ್ ಎಂಬ ರಾಸಾಯನಿಕ ಚಿಮುಕಿಸಿ. ಗುಲಾಬಿ ಬಣ್ಣ ಬಂದರೆ ಅಲ್ಲಿಯ ಕ್ಷಾರ ಉಳಿದಿದೆ, ಸರಳಿಗೆ ರಕ್ಷಣೆ ಇದೆ. ಬಣ್ಣ ಬಾರದ ಪದರ ಸರಳನ್ನೂ ದಾಟಿ ಒಳಗೆ ಹೋಗಿದ್ದರೆ ತುಕ್ಕು ಇವತ್ತಲ್ಲ ನಾಳೆ. ದುರಸ್ತಿಗೆ ಮೊದಲು ಕೆಳಗೆ ಟೇಕು ಕೊಡಬೇಕು, ಹೆಚ್ಚು ಅಪಘಾತ ಆಗುವುದು ಇದನ್ನು ಬಿಟ್ಟಾಗ. ಆಮೇಲೆ ಸಡಿಲ ಕಾಂಕ್ರೀಟನ್ನು ಸರಳಿನ ಹಿಂದೆಯೂ ಮುಕ್ಕಾಲು ಇಂಚು ಸಂದಿ ಸಿಗುವಂತೆ ತೆಗೆದು, ಸರಳನ್ನು ತಂತಿ ಬ್ರಶ್ಶಿನಿಂದ ಬೆಳ್ಳಗಾಗುವಂತೆ ಉಜ್ಜಬೇಕು. ಕಾಲು ಭಾಗಕ್ಕಿಂತ ಹೆಚ್ಚು ಸವೆದಿದ್ದರೆ ಪಕ್ಕಕ್ಕೆ ಹೊಸ ಸರಳು ಜೋಡಿಸಬೇಕು. ಸತುವಿನ ಪ್ರೈಮರ್ ಬಳಿದು, ಪಾಲಿಮರ್ ಬೆರೆಸಿದ ಗಾರೆಯನ್ನು ಒಂದು ಸಲಕ್ಕೆ ಅರ್ಧ ಇಂಚಿಗಿಂತ ದಪ್ಪವಾಗದಂತೆ ಪದರ ಪದರವಾಗಿ ತುಂಬಬೇಕು. ತುಕ್ಕಿನ ಮೇಲೆಯೇ ಸಿಮೆಂಟ್ ಮೆತ್ತಿದರೆ ಎರಡು ಮಳೆಗಾಲಕ್ಕೆ ಅದೇ ಚೂರು ಮತ್ತೆ ಕೆಳಗೆ. ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ, ಕಾಂಕ್ರೀಟನ್ನು ಒಳಗಿನಿಂದ ದೂಡುವುದು ಅದೇ. ಸ್ಲ್ಯಾಬಿನ ತುಂಬ ಟೊಳ್ಳಾಗಿ, ನಡು ಬಾಗಿದ್ದರೆ ಮಾತ್ರ ಕೆಡವಿ. ಹಳೆಯದೆಲ್ಲ ಪೂಜ್ಯ ಎಂದು ನನ್ನ ವಾದವಲ್ಲ. ಎರೆಮಣ್ಣಿನಲ್ಲಿ ಪಾಯ ಕುಣಿದು ಕಿಟಕಿ ಮೂಲೆಯಿಂದ ಓರೆಯಾಗಿ ಏಳುವ ಬಿರುಕಿಗೂ ಸ್ಲ್ಯಾಬಿಗೂ ಸಂಬಂಧವಿಲ್ಲ, ಅದರ ಮದ್ದು ಪಾಯದಲ್ಲಿದೆ.

ಒಂದು ಎಚ್ಚರಿಕೆ. ಲೆ ಕಾರ್ಬುಸಿಯರ್ 1914ರಲ್ಲೇ ಕಂಬಗಳ ಮೇಲೆ ಸ್ಲ್ಯಾಬು ನಿಲ್ಲಿಸಿ ಗೋಡೆಯನ್ನು ಭಾರದಿಂದ ಬಿಡುಗಡೆ ಮಾಡುವ ಚೌಕಟ್ಟಿನ ಚಿತ್ರ ಬರೆದಿದ್ದರು. ಆದರೆ ನಮ್ಮ 1950-70ರ ಮನೆಗಳಲ್ಲಿ ಹೆಚ್ಚಿನವು ಆ ಜಾತಿಯವಲ್ಲ. ಸ್ಲ್ಯಾಬು ಆಧುನಿಕ, ಹೊರುವುದು ಹಳೇ ಪದ್ಧತಿಯ 9 ಇಂಚಿನ ಇಟ್ಟಿಗೆ ಗೋಡೆ ಅಥವಾ 15-18 ಇಂಚಿನ ಕಲ್ಲು ಗೋಡೆ. ಪಡಸಾಲೆಯ ಮುಂದಿನ ಗೋಡೆ ಒಡೆದು ಅಂಗಡಿಗೆ ಶಟರ್ ಕೂಡಿಸುವವರು ಇದನ್ನು ಮರೆಯುತ್ತಾರೆ. ನಾಲ್ಕೂವರೆ ಇಂಚಿನ ಅಡ್ಡಗೋಡೆಯ ಹೊರತು ಯಾವ ಗೋಡೆಯನ್ನೂ ಸ್ಟ್ರಕ್ಚರಲ್ ಎಂಜಿನಿಯರ್ ನೋಡದೆ ಮುಟ್ಟಬಾರದು, ಆ ಅಡ್ಡಗೋಡೆಯ ಮೇಲೂ ಮತ್ತೊಂದು ಗೋಡೆ ಕೂತಿದ್ದರೆ ಅದನ್ನೂ ಮುಟ್ಟಬಾರದು.

ಇನ್ನು ಕುರ್ಚಿ. ಆಧುನಿಕ ಪೀಠೋಪಕರಣದ ಇತಿಹಾಸ ಬೌಹೌಸ್‌ಗಿಂತ ಹಿಂದಿನದು. ಆಸ್ಟ್ರಿಯಾದಲ್ಲಿ ಮೈಕೆಲ್ ಥೋನೆಟ್ 1859ರಲ್ಲಿ ಹೊರತಂದ 14ನೇ ನಂಬರಿನ ಕುರ್ಚಿಗೆ ಇದ್ದದ್ದು 6 ಮರದ ಭಾಗ, 10 ಸ್ಕ್ರೂ, 2 ನಟ್ಟು. ಬಿಚ್ಚಿಟ್ಟರೆ ಒಂದು ಘನ ಮೀಟರ್ ಪೆಟ್ಟಿಗೆಯಲ್ಲಿ 36 ಕುರ್ಚಿ. ಬೀಚ್ ಮರದ ಕೋಲನ್ನು ಹಬೆಯಲ್ಲಿ ಮೆತ್ತಗೆ ಮಾಡಿ ಬಗ್ಗಿಸುವಾಗ ಹೊರಮೈಗೆ ಉಕ್ಕಿನ ಪಟ್ಟಿ ಬಿಗಿಯುತ್ತಿದ್ದರು. ಹಬೆಯಲ್ಲಿ ಮೆತ್ತಗಾದ ಮರ ಒತ್ತಡವನ್ನು ತಾಳಿಕೊಳ್ಳುತ್ತದೆ, ಜಗ್ಗಾಟವನ್ನು ತಾಳದು. ಪಟ್ಟಿ ಇದ್ದರೆ ಹೊರಮೈ ಜಗ್ಗದೆ ಒಳಮೈ ಮಾತ್ರ ಕುಗ್ಗುತ್ತದೆ. ಇಲ್ಲಿ ಬಾಗಿದ ಬೆನ್ನಿನ ಕುರ್ಚಿ ಬೇಕೆಂದರೆ ದಪ್ಪ ಹಲಗೆಯಿಂದ ಬಾಗು ಕತ್ತರಿಸಿ ಕೊಡುವ ರೂಢಿ ಇದೆ. ಆಗ ನಾರು ಅಡ್ಡ ಬಂದು ಅದೇ ಜಾಗದಲ್ಲಿ ಮುರಿಯುತ್ತದೆ, ಸಾಗವಾನಿ ಆದರೂ ಅಷ್ಟೇ.

ಉಕ್ಕಿನ ಕೊಳವೆಯ ಕುರ್ಚಿ 1925ರದ್ದು. ಡೆಸ್ಸೌದಲ್ಲಿ ಬೌಹೌಸ್‌ನ ಮಾರ್ಸೆಲ್ ಬ್ರಾಯರ್ ತನ್ನ ಸೈಕಲ್ಲಿನ ಹ್ಯಾಂಡಲ್ ನೋಡಿ, ಇಷ್ಟು ತೆಳು ಕೊಳವೆ ಇಷ್ಟು ಬಾಗಿಯೂ ಮುರಿಯದಿದ್ದರೆ ಕುರ್ಚಿ ಏಕಾಗಬಾರದು ಎಂದು ಯೋಚಿಸಿದರು. ಮರುವರ್ಷ ವಾಸ್ತುಶಿಲ್ಪಿ ಮಾರ್ಟ್ ಸ್ಟಾಮ್ ಗ್ಯಾಸ್ ಪೈಪು ಜೋಡಿಸಿ ಹಿಂಗಾಲಿಲ್ಲದ ಕುರ್ಚಿ ಮಾಡಿದರು, 1927ರಲ್ಲಿ ಇನ್ನೊಬ್ಬ ವಾಸ್ತುಶಿಲ್ಪಿ ಮೀಸ್ ವಾನ್ ಡೆರ್ ರೋ ಮುಂಗಾಲನ್ನು ದೊಡ್ಡ ಕಮಾನಿನಂತೆ ಬಗ್ಗಿಸಿ ಅದಕ್ಕೆ ಸ್ಪ್ರಿಂಗಿನ ಗುಣ ತಂದರು. ನಮ್ಮ ಫ್ಯಾಬ್ರಿಕೇಶನ್ ಶೆಡ್ಡುಗಳಲ್ಲಿ ಇದನ್ನು ನಕಲು ಮಾಡುವಾಗ 18 ಗೇಜಿನ (ತೆಳು ಗೋಡೆಯ) ಕೊಳವೆಯನ್ನು ಮೂಲೆಯಲ್ಲಿ ಕತ್ತರಿಸಿ ವೆಲ್ಡಿಂಗ್ ಮಾಡುತ್ತಾರೆ. ಕೂತವರ ಭಾರವೆಲ್ಲ ತಿರುಚುವುದು ಆ ಮೂಲೆಯನ್ನೇ, ವರ್ಷದೊಳಗೆ ವೆಲ್ಡಿಂಗ್ ಬಿಡುತ್ತದೆ. 25 ಮಿ.ಮೀ. ಕೊಳವೆಗೆ ಗೋಡೆ ದಪ್ಪ 2 ಮಿ.ಮೀ. ಇರಲಿ, ಬಾಗಿನ ತ್ರಿಜ್ಯ 75 ಮಿ.ಮೀ.ಗಿಂತ ಕಡಿಮೆ ಬೇಡ. ಒಳಗೆ ಉಸುಕು ತುಂಬಿ ಬಗ್ಗಿಸಿದರೆ ಒಳಬಾಗು ಸುಕ್ಕಾಗದು. ಉಸುಕು ಪೂರ್ತಿ ಒಣಗಿರಬೇಕು, ಹಸಿ ಉಸುಕಿನ ಕೊಳವೆ ಕಾಯಿಸಿದರೆ ಆವಿಗೆ ಸಿಡಿಯುತ್ತದೆ.

ಗುಜರಿಗೆ ಹೋಗುತ್ತಿರುವ ಸಾಗವಾನಿ-ಬೆತ್ತದ ಕುರ್ಚಿಗಳ ವಿಷಯಕ್ಕೆ ಚಂಡೀಗಢವೇ ಪಾಠ. 1950ರ ದಶಕದಲ್ಲಿ ವಾಸ್ತುಶಿಲ್ಪಿ ಪಿಯರೆ ಜೆನರೆ ಮತ್ತು ಸಂಗಡಿಗರು ಅಲ್ಲಿಯ ಕಚೇರಿಗಳಿಗಾಗಿ ರೂಪಿಸಿದ, ಬಡಿಗರು ಕೈಯಿಂದ ಮಾಡಿದ ಕುರ್ಚಿಗಳು ಮುರಿದ ಸಾಮಾನೆಂದು ಅಂಗಳದಲ್ಲಿ ರಾಶಿ ಬಿದ್ದಿದ್ದವು. ಚಿಲ್ಲರೆ ಕಾಸಿಗೆ ಹರಾಜಾಗಿ, ಪರದೇಶದ ಹರಾಜು ಮನೆಗಳಲ್ಲಿ ಲಕ್ಷಾಂತರ ರೂಪಾಯಿಗೆ ಹೋದವು. ಕೇಂದ್ರ ಗೃಹ ಸಚಿವಾಲಯ ರಕ್ಷಣೆಯ ಆದೇಶ ಹೊರಡಿಸಿದ್ದು 2011ರಲ್ಲಿ, ಹೋದವು ಹೋದ ಮೇಲೆ. ನಮ್ಮ ಕಚೇರಿಗಳ ಕುರ್ಚಿಗೆ ಅಂಥ ಬೆಲೆ ಬರಲಿಕ್ಕಿಲ್ಲ. ಕೂರಲಿಕ್ಕಂತೂ ಬರುತ್ತದೆ.

ಬೆತ್ತ ಹರಿದರೆ ಕುರ್ಚಿ ಕೆಟ್ಟಂತಲ್ಲ. 18 ಇಂಚು ಚೌಕದ ಆಸನಕ್ಕೆ ಅರ್ಧ ಇಂಚಿಗೊಂದರಂತೆ ತೂತಿದ್ದರೆ ಸುಮಾರು 350-400 ಅಡಿ ಬೆತ್ತದ ಎಳೆ ಬೇಕು. ಎಳೆಯನ್ನು ಇಪ್ಪತ್ತು-ಮೂವತ್ತು ನಿಮಿಷ ನೀರಲ್ಲಿ ನೆನೆಸಿ, ಹೊಳಪಿನ ಮೈ ಮೇಲಿರುವಂತೆ ಹೆಣೆಯಬೇಕು. ಇಡೀ ದಿನ ನೆನೆಸಿದರೆ ಬಣ್ಣ ಕಂದಿ ಎಳೆ ಸತ್ವ ಕಳೆದುಕೊಳ್ಳುತ್ತದೆ. ಮೊದಲು ಹಿಂದು-ಮುಂದಕ್ಕೆ, ಅದರ ಮೇಲೆ ಎಡ-ಬಲಕ್ಕೆ, ಮತ್ತೆ ಹಿಂದು-ಮುಂದಕ್ಕೆ, ನಾಲ್ಕನೆಯ ಸುತ್ತಿನಿಂದ ಎಡ-ಬಲಕ್ಕೆ ಒಂದರ ಮೇಲೆ ಒಂದರ ಕೆಳಗೆ ಹಾಯಿಸುತ್ತ, ಐದು-ಆರನೆಯವು ಎರಡು ಓರೆಗಳು, ಕೊನೆಗೆ ಅಂಚಿನ ಪಟ್ಟಿ. ಒಣಗಿದಾಗ ತಾನೇ ಬಿಗಿಯಾಗುತ್ತದೆ. ಅಗ್ಗವೆಂದು ಪ್ಲಾಸ್ಟಿಕ್ ಪಟ್ಟಿ ಹೆಣೆಸಿದರೆ ಒಣಗಿ ಬಿಗಿಯುವ ಮಾತಿಲ್ಲ, ಆರು ತಿಂಗಳಿಗೆ ಜೋಳಿಗೆ. ಕಾಲು ಸಡಿಲವಾದರೆ ಮೊಳೆ ಬಡಿಯದೆ ಜೋಡಣೆ ಬಿಚ್ಚಿ, ಹಳೇ ಅಂಟು ಕೆರೆದು, ಹೊಸ ಅಂಟು ಹಾಕಿ, ಹಗ್ಗ ಸುತ್ತಿ ಕೋಲಿನಿಂದ ತಿರುವಿ ಬಿಗಿದು ಒಂದು ದಿನ ಬಿಡಬೇಕು.

ಅಡುಗೆಮನೆಯ ಮಾತು ಬಿಟ್ಟರೆ ನ್ಯಾಯವಾಗದು. ಇಂದಿನ ಮಾಡ್ಯುಲರ್ ಕಿಚನ್ನಿನ ಮೂಲ ವಾಸ್ತುಶಿಲ್ಪಿ ಮಾರ್ಗರೆಟ್ ಶುಟ್ಟೆ-ಲಿಹೊಟ್ಸ್ಕಿ 1926ರಲ್ಲಿ ಫ್ರಾಂಕ್‌ಫರ್ಟ್‌ನ ಕಾರ್ಮಿಕರ ಮನೆಗಳಿಗೆ ಮಾಡಿದ 1.9 ಮೀಟರ್ ಅಗಲ, 3.4 ಮೀಟರ್ ಉದ್ದದ ಅಡುಗೆಮನೆ. ಹೆಣ್ಣುಮಕ್ಕಳ ಕೈ ಎಷ್ಟು ದೂರ ಚಾಚುತ್ತದೆ, ಎಷ್ಟು ಹೆಜ್ಜೆ ನಡೆಯಬೇಕಾಗುತ್ತದೆ ಎಂದು ಅಳೆದು ಮಾಡಿದ್ದು. ನಮ್ಮ ಶೋರೂಮುಗಳು ತಂದಿರುವುದು ಅದರ ಬಾಗಿಲು, ಬಣ್ಣ. ಕಟ್ಟೆಯ ಎತ್ತರ ಎಲ್ಲರಿಗೂ 34 ಇಂಚು. ಹೆಚ್ಚುವ ಕೆಲಸಕ್ಕೆ ಕಟ್ಟೆ ಮೊಣಕೈಯಿಂದ 4-6 ಇಂಚು ಕೆಳಗಿರಬೇಕು, ನಾದುವ, ಬಡಿಯುವ ಕೆಲಸಕ್ಕೆ 8-10 ಇಂಚು. 5 ಅಡಿ ಎತ್ತರದವರ ಮೊಣಕೈ ನೆಲದಿಂದ 37-38 ಇಂಚಿರುತ್ತದೆ. ಜೋಳದ ರೊಟ್ಟಿ ಬಡಿಯುವ ಮನೆಯಲ್ಲಿ ಕಟ್ಟೆಯ ಎರಡೂವರೆ ಅಡಿ ಭಾಗವನ್ನಾದರೂ 28-29 ಇಂಚಿಗೆ ಇಳಿಸದಿದ್ದರೆ ಭುಜ ಹಿಡಿದುಕೊಳ್ಳುತ್ತದೆ.

ಸಂಬಂಧಪಟ್ಟವರಲ್ಲಿ ಕೋರಿಕೆ ಎರಡು. ಸರ್ಕಾರಿ ಮತ್ತು ಅನುದಾನಿತ ಸಂಸ್ಥೆಗಳ ಹಳೇ ಕಟ್ಟಡಗಳ ಮುಖ ಬದಲಿಸುವ ಅಂದಾಜುಪಟ್ಟಿಗೆ ಮಂಜೂರಿ ಕೊಡುವ ಮುಂಚೆ, ಯಾವ ದಿಕ್ಕಿನ ಯಾವ ಕಿಟಕಿಗೆ ಎಷ್ಟು ಅಡಿ ಛಜ್ಜಾ ಇದೆ, ಅದನ್ನು ತೆಗೆದ ಮೇಲೆ ನೆರಳಿಗೆ ಏನು ವ್ಯವಸ್ಥೆ ಎಂಬ ಒಂದು ಹಾಳೆಯನ್ನು ಕಡ್ಡಾಯ ಮಾಡಬೇಕು. ಪೀಠೋಪಕರಣ ವಿಲೇವಾರಿ ಪಟ್ಟಿಯಲ್ಲಿ ‘ಹಳೇ ಸಾಮಾನು, ಇಷ್ಟು ಕ್ವಿಂಟಲ್’ ಎಂದು ಬರೆಯುವ ಬದಲು ಕುರ್ಚಿ ಎಷ್ಟು, ಮರ ಯಾವುದು, ಕೆಟ್ಟದ್ದು ಕಾಲೋ ಬೆತ್ತವೋ ಎಂದು ನಮೂದಿಸಿ, ಬೆತ್ತ ಮಾತ್ರ ಹೋದವನ್ನು ಹರಾಜಿನಿಂದ ಹೊರಗಿಡಬೇಕು.

— ಓದುಗ, ಧಾರವಾಡ